ಖಾಲಿ ಲಿಫ್ಟಿನ ತೂಕ

ಮಾರ್ಚ್ ಹನ್ನೊಂದು, ಬುಧವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ಐದನೆಯ ಮಹಡಿಯಲ್ಲಿ ಬಾಗಿಲು ತೆರೆದು ನಿಲ್ಲಿಸಿದ್ದ ಲಿಫ್ಟಿನೊಳಗೆ ಅವನು ಒಬ್ಬನೇ ಇದ್ದ. ಗುಂಡಿಗಳ ಕೆಳಗೆ, ಇನ್ನೂ ಮುಚ್ಚಳ ಹಾಕದ ಕಿಂಡಿಯಲ್ಲಿ, ಹತ್ತಿದವರ ಭಾರ ಅಳೆಯುವ ಹೊಸ ತೂಕದ ಪೆಟ್ಟಿಗೆಯ ಕೆಂಪು ಅಂಕಿ ಸೊನ್ನೆ ಎಂದು ತೋರಿಸುತ್ತಿತ್ತು. ನಿನ್ನೆ ಸಂಜೆ ಅದನ್ನು ಕೂರಿಸಿದ್ದು ಅವನೇ, ತನ್ನ ಫಿಟ್ಟರ್ ಜೊತೆಗೆ. ಮುಚ್ಚಳದ ಸ್ಕ್ರೂಗಳು ಎಲ್ಲೋ ಉರುಳಿ ಹೋಗಿದ್ದರಿಂದ ಆ ಒಂದು ಕೆಲಸ ಇವತ್ತಿಗೆ ಉಳಿದಿತ್ತು. ಹತ್ತು ಗಂಟೆಗೆ ಆಸ್ಪತ್ರೆ ಸೇರಬೇಕಾದವನು ಸ್ಕ್ರೂಡ್ರೈವರ್ ಹಿಡಿದು ಲಿಫ್ಟಿನಲ್ಲಿ ನಿಲ್ಲುವ ಅಗತ್ಯವೇನೂ ಇರಲಿಲ್ಲ. ಆದರೆ ಮನೆಯೊಳಗೆ ಹೆಂಡತಿ ಚೀಲ ತುಂಬುತ್ತಿದ್ದಳು. ಟವೆಲು, ಚಪ್ಪಲಿ, ಕನ್ನಡಕದ ಡಬ್ಬಿ, ಪ್ರತಿಯೊಂದನ್ನೂ ಎತ್ತಿ ಹಿಡಿದು ಇದು ಬೇಕಾ ಎಂದು ಕೇಳುತ್ತಿದ್ದಳು. ಅವನಿಗೆ ಪ್ರತಿಯೊಂದರ ಬಗ್ಗೆಯೂ, ವಾಪಸ್ಸು ಬರುವಾಗ ಇದನ್ನು ಯಾರು ಹೊತ್ತು ತರುತ್ತಾರೆ ಎಂಬ ಒಂದೇ ಯೋಚನೆ ಬರುತ್ತಿತ್ತು. ಅದಕ್ಕೇ ಎದ್ದು ಬಂದಿದ್ದ.

ಮೊದಲು ಪೆಟ್ಟಿಗೆಯೇ ಕೆಟ್ಟಿದೆ ಅಂದುಕೊಂಡ. ಒಂದು ಕಾಲನ್ನು ಹೊರಗಿಟ್ಟು ನೋಡಿದ. ಅಂಕಿ ಸೊನ್ನೆಗಿಂತ ಕೆಳಕ್ಕೆ ಜಾರಿತು. ಎರಡನೆಯ ಕಾಲನ್ನೂ ಹೊರಗಿಟ್ಟ. ಮೈನಸ್ ನೂರ ಮೂವತ್ತೆರಡು. ಖಾಲಿ ಲಿಫ್ಟು ತನ್ನನ್ನು ತಾನು ಸಾಲದಲ್ಲಿರುವಂತೆ ತೋರಿಸಿಕೊಳ್ಳುತ್ತ ಬಾಗಿಲು ತೆರೆದುಕೊಂಡು ನಿಂತಿತ್ತು. ಅವನು ಮತ್ತೆ ಒಳಗೆ ಕಾಲಿಟ್ಟ, ಅಂಕಿ ಮತ್ತೆ ಸೊನ್ನೆಗೆ ಬಂತು. ಈ ಊರಿನಲ್ಲಿ ಇಪ್ಪತ್ತೆರಡು ವರ್ಷ ಲಿಫ್ಟುಗಳನ್ನು ಪರೀಕ್ಷೆ ಮಾಡಿದ ಎಂಜಿನಿಯರಿಗೆ ಇದು ಅರ್ಥವಾಗಲು ಎರಡನೆಯ ಉಸಿರೂ ಬೇಕಿರಲಿಲ್ಲ. ಹೊಸ ಪೆಟ್ಟಿಗೆಗೆ ಮೊದಲು ಖಾಲಿ ಕ್ಯಾಬಿನ್ನಿನ ತೂಕವನ್ನು ಸೊನ್ನೆ ಎಂದು ಕಲಿಸಬೇಕು. ನಿನ್ನೆ ಅದನ್ನು ಕಲಿಸುವಾಗ ಕ್ಯಾಬಿನ್ನು ಖಾಲಿ ಇರಲಿಲ್ಲ. ಅವನು ಒಳಗಿದ್ದ.

ಫಿಟ್ಟರ್ ಮೇಲೆ ಮಷೀನ್ ರೂಮಿನಲ್ಲಿದ್ದ. ಸೊನ್ನೆ ಕೂರಿಸುವ ಗುಂಡಿ ಅಲ್ಲಿ, ಅಂಕಿ ಇಲ್ಲಿ. "ಒಳಗೆ ಯಾರೂ ಇಲ್ಲ ತಾನೆ ಸಾರ್?" ಎಂದು ಫೋನಿನಲ್ಲಿ ಕೇಳಿದ್ದ. "ಯಾರೂ ಇಲ್ಲ" ಎಂದು ಇವನು ಹೇಳಿದ್ದ, ನಡುಮಧ್ಯದಲ್ಲಿ ನಿಂತುಕೊಂಡು. ಇಷ್ಟು ವರ್ಷ ಈ ಪ್ರಶ್ನೆಗೆ ಇದೇ ಉತ್ತರ ಕೊಟ್ಟಿದ್ದ. ಯಾರೂ ಇಲ್ಲ ಅಂದರೆ ಪರೀಕ್ಷೆ ಮಾಡುವವನನ್ನು ಬಿಟ್ಟು ಯಾರೂ ಇಲ್ಲ. ಬಾಗಿಲು, ಬ್ರೇಕು, ಹಗ್ಗ ಪರೀಕ್ಷಿಸುವಾಗ ಅದು ಸರಿ. ಸೊನ್ನೆ ಕೂರಿಸುವಾಗ ಮಾತ್ರ ಅದು ತಪ್ಪು, ಮತ್ತು ಆ ತಪ್ಪನ್ನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕೂಡ ಅವನು ಮಾಡಿರಲಿಲ್ಲ. ನಿನ್ನೆ ಮಾಡಿದ್ದ, ಯಾಕೆಂದರೆ ಆ ಹೊತ್ತಿಗೆ ಅವನು ಕೇಳಿಸಿಕೊಳ್ಳುತ್ತಿದ್ದದ್ದು ಫಿಟ್ಟರನ್ನಲ್ಲ. ಮೆಟ್ಟಿಲಿನ ತಿರುವಿನಲ್ಲಿ ಕೂತು ಮಗಳು ಗೆಳತಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. "ನಾಳೆ, ನಾಡಿದ್ದು ಎರಡು ದಿನ ಬರಲ್ಲ ಕಣೆ. ನಮ್ಮಪ್ಪಂಗೆ ಆಪರೇಷನ್ನು... ಏನಿಲ್ಲ ಕಣೆ, ಹರ್ನಿಯಾ." ಅವನು ಲಿಫ್ಟಿನೊಳಗೆ, ಅಕ್ಕಪಕ್ಕದ ಉಕ್ಕಿನ ಗೋಡೆಗಳಲ್ಲಿ ಮಸುಕಾಗಿ ಎರಡು ಸಲ ಕಾಣುತ್ತ, ಆ ಪದವನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದ. ಹರ್ನಿಯಾ. ಎಂಥ ಮರ್ಯಾದಸ್ಥ ಕಾಯಿಲೆ. ತಾನಾಗಿಯೇ ಬರುವಂಥದ್ದು, ಯಾರ ತಪ್ಪೂ ಅಲ್ಲದ್ದು, ಗೆಳತಿಯ ಎದುರು ಹೇಳಬಹುದಾದದ್ದು. "ಆಯ್ತು ಸಾರ್, ಸೊನ್ನೆ" ಎಂದು ಮೇಲಿನಿಂದ ಫಿಟ್ಟರ್ ಕೂಗಿದ. "ಸರಿ" ಎಂದು ಇವನು ಹೇಳಿದ.

ತೂಕ ಇಳಿಸುವ ಈ ಆಪರೇಷನ್ನು ತುರ್ತಿನದಲ್ಲ ಎಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಅವರದು ತೆಳ್ಳನೆಯ, ನಿಧಾನದ ದನಿ. ಜಠರದ ನಾಲ್ಕರಲ್ಲಿ ಮೂರು ಭಾಗ ತೆಗೆಯುತ್ತೇವೆ, ಉಳಿದದ್ದು ಬಾಳೆಹಣ್ಣಿನ ಆಕಾರದಲ್ಲಿರುತ್ತದೆ, ಅಷ್ಟೇ. ಮಾಡಿಸಿಕೊಳ್ಳಲೇಬೇಕು ಅಂತ ನಾನು ಹೇಳಲ್ಲ, ನಿರ್ಧಾರ ನಿಮ್ಮದು. ತೆಗೆದ ಭಾಗದ ತೂಕ ಎಷ್ಟಿರುತ್ತದೆ ಎಂದು ಕೇಳಬೇಕೆನಿಸಿ, ಅದು ತಮಾಷೆಯ ಪ್ರಶ್ನೆಯಾಗಿ ಕಾಣಬಹುದೆಂದು ಬಿಟ್ಟ. ಬದಲಿಗೆ ಅಪಾಯ ಎಷ್ಟು ಎಂದು ಕೇಳಿದ. ಸಾವಿರಕ್ಕೆ ಒಬ್ಬರು ಅಂತ ಇಟ್ಟುಕೊಳ್ಳಿ, ತುಂಬ ಕಡಿಮೆ, ಎಂದರು ಡಾಕ್ಟರ್ ನಗುತ್ತ. ಅವನೂ ನಕ್ಕ. ಸಾವಿರ ಸಲ ಹತ್ತಿದರೆ ಒಂದು ಸಲ ಬೀಳುವ ಲಿಫ್ಟಿಗೆ ಅವನು ಆ ಕ್ಷಣವೇ ಬೀಗ ಹಾಕಿಸಿ, ಕೀಲಿಯನ್ನು ಜೇಬಿಗಿಳಿಸಿಕೊಂಡು ಹೊರಡುತ್ತಿದ್ದ. ಅವನ ಲೆಕ್ಕದಲ್ಲಿ ಹಗ್ಗವೆಂದರೆ ಹೊರಬೇಕಾದ ಭಾರದ ಹನ್ನೆರಡು ಪಟ್ಟು ತಡೆಯುವಂಥದ್ದು. ಅಂಥವನು ಈಗ ಯಾರೂ ಬಲವಂತ ಮಾಡದೆ, ಹೊಟ್ಟೆಯಲ್ಲಿ ನೋವಿಲ್ಲದೆ, ತಾನೇ ನಡೆದು ಹೋಗಿ ಮೇಜಿನ ಮೇಲೆ ಮಲಗುತ್ತಾನೆ. ಮನಸ್ಸು ಬದಲಾದರೆ ಬುಧವಾರ ಒಂಬತ್ತರೊಳಗೆ ಒಂದು ಫೋನ್ ಮಾಡಿ, ಹಾಸಿಗೆ ಬೇರೆಯವರಿಗೆ ಕೊಡುತ್ತೇವೆ, ಏನೂ ಬೇಜಾರಿಲ್ಲ ಎಂದಿದ್ದಳು ಕೌಂಟರಿನ ಹುಡುಗಿ. ಫೋನು ಪ್ಯಾಂಟಿನ ಬಲ ಜೇಬಿನಲ್ಲಿತ್ತು. ಎದ್ದಾಗಿನಿಂದ ಅವನ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಸಕ್ಕರೆ ಕಾಯಿಲೆಗೆ, ಮಂಡಿಗೆ, ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಎಂದು ಎಲ್ಲರಿಗೂ ಹೇಳಿದ್ದ. ಮೂರೂ ನಿಜವೇ. ಹೆಂಡತಿ ಮಾತ್ರ ಪೂರ್ತಿ ನಂಬಿರಲಿಲ್ಲ. "ಹತ್ತು ವರ್ಷದಿಂದ ನಿಮ್ಮ ಗೊರಕೆ ಕೇಳ್ತಾ ಮಲಗಿದೀನಿ ಕಣ್ರೀ, ಈಗ ಇದ್ದಕ್ಕಿದ್ದ ಹಾಗೆ ನಿಮಗೇ ಅದು ಕೇಳಿಸಿಬಿಡ್ತಾ?" ಎಂದಿದ್ದಳು. ನಿನ್ನೆ ರಾತ್ರಿ ಅವನ ಪ್ಯಾಂಟುಗಳನ್ನು ಮಡಿಸುತ್ತ, ಒಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, "ಬರೋ ವರ್ಷ ಇದರಲ್ಲಿ ನಾವಿಬ್ರೂ ಒಂದೊಂದು ಕಾಲಲ್ಲಿ ನಿಂತ್ಕೋಬೋದು" ಎಂದು ನಕ್ಕವಳು, ನಗು ಮುಗಿದ ಮೇಲೂ ಅದನ್ನು ಕೆಳಗಿಡದೆ ಹಾಗೇ ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವನು ಅದನ್ನು ನೋಡಿಯೂ ನೋಡದವನ ಹಾಗೆ ಗೋಡೆಯ ಕಡೆ ತಿರುಗಿ ಮಲಗಿದ. ಕಾರಣ ಲಿಫ್ಟು. ಇದೇ ಲಿಫ್ಟು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಆರು ತಿಂಗಳ ಹಿಂದೆ ಒಂದು ಸಂಜೆ ಮಗಳು ಇಬ್ಬರು ಗೆಳತಿಯರೊಂದಿಗೆ ಕೆಳಗೆ ಲಿಫ್ಟು ಹತ್ತುವ ಹೊತ್ತಿಗೆ ಅವನೂ ಕೆಲಸದಿಂದ ಬಂದಿದ್ದ. ಬಾಗಿಲು ಮುಚ್ಚುತ್ತಿದ್ದದ್ದನ್ನು ಮಗಳೇ ಕೈ ಅಡ್ಡ ಇಟ್ಟು ತಡೆದಳು, "ಬಾ ಅಪ್ಪ" ಎಂದಳು. ಅದನ್ನು ಅವನು ಎಷ್ಟೋ ಸಲ ನೆನೆದುಕೊಂಡಿದ್ದಾನೆ, ಅವಳೇ ಕರೆದಿದ್ದಳು. ಅವನು ಒಳಗೆ ಕಾಲಿಟ್ಟ ಕೂಡಲೇ ಬಜರ್ ಬಡಿದುಕೊಳ್ಳತೊಡಗಿತು. ನಾಲ್ಕು ಜನರ ಲಿಫ್ಟು. ಗೋಡೆಯ ಫಲಕದಲ್ಲಿ ನಾಲ್ಕು ಜನ, ೨೭೨ ಕಿಲೊ ಎಂದು ಬರೆದಿದೆ. ಒಬ್ಬೊಬ್ಬರಿಗೆ ಅರವತ್ತೆಂಟು. ಒಳಗಿದ್ದದ್ದು ನಾಲ್ಕೇ ಜನ. ಗೆಳತಿಯರಲ್ಲಿ ಒಬ್ಬಳು ತುಟಿ ಕಚ್ಚಿ ಸೂರಿನ ಕಡೆ ನೋಡಿದಳು, ಇನ್ನೊಬ್ಬಳು ಪಾಪ, ಬಹಳ ಒಳ್ಳೆಯ ಹುಡುಗಿ, "ನಮ್ಮ ಬ್ಯಾಗು ಭಾರ ಅಂಕಲ್" ಎಂದು ತನ್ನ ಚೀಲವನ್ನು ಹೊರಗಿಡಲು ಹೋದಳು. ಆ ಒಳ್ಳೆಯತನವನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು. "ನೀವು ಹೋಗಿ, ನಂಗೆ ಸ್ವಲ್ಪ ಕೆಲಸ ಇದೆ" ಎಂದು ಅವನು ಇಳಿದ. ಬಜರ್ ನಿಂತಿತು. ಬಾಗಿಲು ಮುಚ್ಚುವಾಗ ಮಗಳು ತನ್ನ ಬೂಟಿನ ತುದಿಯನ್ನು ನೋಡುತ್ತಿದ್ದಳು. ಅವನು ಮೆಟ್ಟಿಲು ಹತ್ತಿದ, ಪ್ರತಿ ಮಹಡಿಯಲ್ಲೂ ಕಂಬಿ ಹಿಡಿದು ನಿಂತು, ಯಾರಾದರೂ ಬಂದರೆ ಫೋನ್ ನೋಡುತ್ತಿರುವವನ ಹಾಗೆ ನಟಿಸುತ್ತ. ಮನೆಗೆ ಬಂದಾಗ ಅವಳ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಮೂವರೂ ಯಾವುದಕ್ಕೋ ನಗುತ್ತಿದ್ದರು. ಬೇರೆ ಯಾವುದಕ್ಕೋ ಇರಬಹುದು.

ಅವತ್ತಿನಿಂದ ಮಗಳು ಲಿಫ್ಟು ಹತ್ತಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಟ್ಟಿಗೆ ಹೊರಟರೂ ಅವಳು ಮೆಟ್ಟಿಲಿನ ಕಡೆ ತಿರುಗಿ, "ನೀವು ಬನ್ನಿ, ನಾನು ಓಡ್ತೀನಿ" ಎಂದು ದಡದಡ ಇಳಿದುಬಿಡುತ್ತಾಳೆ. ಅಪ್ಪ ಅಮ್ಮ ಕೆಳಗೆ ಬರುವಷ್ಟರಲ್ಲಿ ಗೇಟಿನ ಹತ್ತಿರ ಬೇರೆ ಯಾರೋ ಮನೆಯವಳ ಹಾಗೆ ನಿಂತಿರುತ್ತಾಳೆ. ಅವನು ಒಂದು ಭಾನುವಾರ ಯಾರಿಗೂ ಹೇಳದೆ ಕಬ್ಬಿಣದ ಕಲ್ಲುಗಳನ್ನು ತರಿಸಿ ಹಳೆಯ ತೂಕದ ಪೆಟ್ಟಿಗೆಯನ್ನು ಪರೀಕ್ಷೆ ಮಾಡಿದ. ಕೆಟ್ಟಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದ. ಅದು ಎರಡು ಕಿಲೊ ಆಚೀಚೆ ಸರಿಯಾಗಿಯೇ ಇತ್ತು. ಆದರೂ ಕಟ್ಟಡದ ಸಂಘದವರಿಗೆ, ಹಳೆಯದಾಯಿತು, ಸುಮ್ಮಸುಮ್ಮನೆ ಬಡಿದುಕೊಳ್ಳುತ್ತದೆ, ಬದಲಾಯಿಸೋಣ ಎಂದು ಹೇಳಿ ಒಪ್ಪಿಸಿದ. ಸುಳ್ಳು ಹೇಳಿದ್ದಕ್ಕೆ ಸಾಕ್ಷಿಯಾದ ಪೆಟ್ಟಿಗೆ ಈಗ ಮಷೀನ್ ರೂಮಿನ ಮೂಲೆಯಲ್ಲಿ ಬಿದ್ದಿದೆ. ಅದರ ಜಾಗಕ್ಕೆ ಬಂದದ್ದು ಅವನನ್ನು ಸೊನ್ನೆ ಅನ್ನುತ್ತಿದೆ. ನಿನ್ನೆಯ ಕೈತಪ್ಪು ಬರೀ ಕೈತಪ್ಪೇ ಎಂದು ಅವನು ತನ್ನನ್ನು ಕೇಳಿಕೊಂಡ. ಗೊತ್ತಾದದ್ದು ಇಷ್ಟೇ: ರಾತ್ರಿಯಿಡೀ ಈ ಕಟ್ಟಡದವರು ನೂರ ಮೂವತ್ತೆರಡು ಕಿಲೊ ತಡವಾಗಿ ಎಚ್ಚರಿಸುವ ಲಿಫ್ಟಿನಲ್ಲಿ ಹತ್ತಿ ಇಳಿದಿದ್ದಾರೆ, ಮತ್ತು ಸರಿಪಡಿಸದೆ ಅವನು ಆಸ್ಪತ್ರೆಗೆ ಹೋಗುವಂತಿಲ್ಲ.

ಕಲ್ಲು ಎಂದು ಕರೆಯುವುದು ರೂಢಿ ಅಷ್ಟೇ, ಅವು ಹಿಡಿ ಇರುವ ಕಬ್ಬಿಣದ ದಿಮ್ಮಿಗಳು, ಒಂದೊಂದು ಇಪ್ಪತ್ತು ಕಿಲೊ. ಲಿಫ್ಟಿನಲ್ಲಿ ಅವನ್ನು ಜೋಡಿಸಿಟ್ಟು ಹೊರೆ ಪರೀಕ್ಷಿಸುತ್ತಾರೆ. ಮಗಳು ಚಿಕ್ಕವಳಿದ್ದಾಗ ಭಾನುವಾರದ ಕೆಲಸಕ್ಕೆ ಅವಳನ್ನೂ ಕರೆದೊಯ್ಯುತ್ತಿದ್ದ. ಅವಳು ಕಲ್ಲುಗಳ ಮೇಲೆ ಕೂತು, ಕಾಲು ತೂಗಾಡಿಸುತ್ತ, ಬಿಸ್ಕತ್ತು ತಿನ್ನುತ್ತ ಹತ್ತನೆಯ ಮಹಡಿಗೂ ನೆಲಮಾಳಿಗೆಗೂ ಓಡಾಡುತ್ತಿದ್ದಳು. ಆರು ವರ್ಷದವಳು ಸರಿಯಾಗಿ ಇಪ್ಪತ್ತು ಕಿಲೊ ತೂಗಿದ ದಿನ ಫಿಟ್ಟರ್ ಅವಳಿಗೆ ಒಂದ್ಕಲ್ಲು ಎಂದು ಹೆಸರಿಟ್ಟ. "ಒಂದ್ಕಲ್ಲು ಬಂದಳಾ ಸಾರ್? ಹಾಗಾದ್ರೆ ಒಂದು ಕಮ್ಮಿ ಹೊತ್ರೆ ಸಾಕು." ಆಗ ಅವನು ಇನ್ನೂ ಕ್ಯಾಬಿನ್ನಿನ ಸೂರಿನ ಕಿಂಡಿಯಿಂದ ನುಸುಳಿ ಮೇಲೆ ಹತ್ತುತ್ತಿದ್ದ. ಕ್ಯಾಬಿನ್ನಿನ ನೆತ್ತಿಯ ಮೇಲೆ ನಿಂತು ಕತ್ತಲಿನ ಕೊಳವೆಯಲ್ಲಿ ಏರುವಾಗ, ಅರ್ಧ ದಾರಿಯಲ್ಲಿ ಎದುರಿನ ಭಾರ, ಲಿಫ್ಟನ್ನು ಸರಿದೂಗಿಸಲು ಹಗ್ಗದ ಆ ತುದಿಗೆ ಕಟ್ಟಿದ ಕಬ್ಬಿಣದ ಚೌಕಟ್ಟು, ಪಕ್ಕದಲ್ಲೇ ಸದ್ದಿಲ್ಲದೆ ಕೆಳಗಿಳಿದು ಹೋಗುತ್ತಿತ್ತು. ಮುಖದ ಮೇಲೆ ತಣ್ಣನೆಯ ಗಾಳಿ ಹಾಯುತ್ತಿತ್ತು. ಕಾಲ ಕೆಳಗಿನಿಂದ, ತಗಡಿನ ಆಚೆಯಿಂದ, "ಅಪ್ಪಾ, ಇದೀಯಾ?" ಎಂದು ಅವಳ ದನಿ; "ಇದೀನಿ" ಎಂದು ಇವನು. ಪ್ರತಿ ಮಹಡಿಗೂ ಒಂದು ಸಲ. ಆ ಪ್ರಶ್ನೆಗಾಗಿ ಅವನಿಗೆ ಈಗ ಎಷ್ಟು ಹಸಿವೆಯೆಂದರೆ, ಎರಡು ವಾರದಿಂದ ಬರೀ ನೀರಾದ ಆಹಾರ ಕುಡಿದು ಐದು ಕಿಲೊ ಕರಗಿದ ಈ ಹೊಟ್ಟೆಯ ಹಸಿವೆ ಅದರ ಮುಂದೆ ಏನೂ ಅಲ್ಲ. ಕಿಂಡಿ ಅವನಿಗೆ ಸಾಲದಾಗಿ ಏಳು ವರ್ಷವಾಯಿತು. ಮೇಲೆ ಹತ್ತುವುದು ಫಿಟ್ಟರ್, ಇವನು ಕ್ಯಾಬಿನ್ನಿನೊಳಗೆ ನಿಲ್ಲುತ್ತಾನೆ. "ನೀವು ಒಳಗಿದ್ರೆ ಆರು ಕಲ್ಲು ಉಳೀತು ಸಾರ್. ಆಪರೇಷನ್ ಆದ್ಮೇಲೆ ನನ್ನ ಸೊಂಟದ ಗತಿ ಏನು, ಡಾಕ್ಟರನ್ನ ಅದನ್ನೂ ಕೇಳಿ ಸ್ವಲ್ಪ" ಎಂದು ಫಿಟ್ಟರ್ ನಿನ್ನೆ ಹೊರಡುವಾಗ ಹೇಳಿ, ಕೈ ಹಿಡಿದು, ಬೇಗ ಬಿಡಲಿಲ್ಲ.

ಸಾಯುವುದಕ್ಕಿಂತ ಅವನನ್ನು ಹೆಚ್ಚು ಹೆದರಿಸಿದ್ದು ಸತ್ತ ಮೇಲಿನ ಒಂದು ಲೆಕ್ಕ. ಆ ಸಾವಿರದಲ್ಲಿ ಒಬ್ಬ ತಾನಾದರೆ, ಇವತ್ತಲ್ಲ ನಾಳೆ, ಇಪ್ಪತ್ತೈದನೆಯ ವಯಸ್ಸಿಗೋ ಮೂವತ್ತಕ್ಕೋ, ಮಗಳು ಯಾವುದೋ ಊರಿನ ಯಾವುದೋ ಲಿಫ್ಟಿನಲ್ಲಿ ನಿಂತಿರುವಾಗ ಬಜರ್ ಬಡಿದುಕೊಳ್ಳುತ್ತದೆ. ಅಪ್ಪ ಯಾಕೆ ಆ ಆಪರೇಷನ್ನಿಗೆ ಹೋದ ಎಂದು ಆಗ ಅವಳಿಗೆ ಗೊತ್ತಾಗುತ್ತದೆ. ತನ್ನ ಬೂಟಿನ ತುದಿಯನ್ನು ನೋಡಿದ್ದು, ಗೆಳತಿಗೆ ಹರ್ನಿಯಾ ಎಂದದ್ದು, ಎಲ್ಲವನ್ನೂ ಅವಳು ಕೂಡಿಸುತ್ತಾಳೆ. ಲೆಕ್ಕದಲ್ಲಿ ಅವಳು ಚುರುಕು. ನಿನ್ನ ಕಾರಣಕ್ಕಲ್ಲ ಎಂದು ಈಗಲೇ ಹೇಳಿಬಿಡಬೇಕು. ಆದರೆ ಹಾಗೆ ಹೇಳಿದ ಕೂಡಲೇ ಅದು ಅವಳ ಕಾರಣಕ್ಕೆ ಎಂದಾಗುತ್ತದೆ. ಹೇಳದಿದ್ದರೂ ಆಗುತ್ತದೆ. ಕೈ ಮತ್ತೆ ಜೇಬಿಗೆ ಹೋಯಿತು. ಎಂಟು ಗಂಟೆ ಐದು ನಿಮಿಷ. ಒಂದು ಫೋನ್. ಬೇಜಾರಿಲ್ಲ ಎಂದಿದ್ದಾಳೆ ಹುಡುಗಿ.

"ಅಪ್ಪ, ಅಮ್ಮ ಕರೀತಿದಾಳೆ. ನೀಲಿ ಟವೆಲ್ಲಾ ಬಿಳೀದಾ ಅಂತೆ."

ಮಗಳು ಮನೆಯ ಬಾಗಿಲಲ್ಲಿ ನಿಂತಿದ್ದಳು, ಕೂದಲು ಇನ್ನೂ ಬಾಚಿರಲಿಲ್ಲ.

"ಯಾವುದಾದ್ರೂ ಸರಿ ಅನ್ನು."

"ಅದನ್ನೇ ಹೇಳಿದೆ. ಯಾವುದಾದ್ರೂ ಅಂದ್ರೆ ಯಾವುದು ಅಂತ ಕೇಳಿದ್ಲು." ಅವಳು ಎರಡು ಹೆಜ್ಜೆ ಮುಂದೆ ಬಂದು ಲಿಫ್ಟಿನ ಹೊಸ್ತಿಲಿನ ಆಚೆ ನಿಂತು ಕುತ್ತಿಗೆ ಚಾಚಿದಳು. "ಅದೇನದು ಕೆಂಪಗೆ?"

"ತೂಕ ತೋರಿಸೋದು. ಮುಚ್ಚಳ ಹಾಕಿದ್ಮೇಲೆ ಕಾಣಲ್ಲ."

ಅವಳು ಹೊಸ್ತಿಲನ್ನು ನೋಡಿದಳು. ನೀರಿಗಿಳಿಯುವವರ ಹಾಗೆ ಒಂದು ಕಾಲನ್ನು ಮುಂದಿಟ್ಟು, ಆಮೇಲೆ ಇನ್ನೊಂದನ್ನೂ ಇಟ್ಟು, ಅವಳು ಒಳಗೆ ಬಂದಳು. ಆರು ತಿಂಗಳ ಮೇಲೆ ಮಗಳ ಕೂದಲಿನ ಎಣ್ಣೆಯ ವಾಸನೆ ಇಷ್ಟು ಹತ್ತಿರದಲ್ಲಿ. ಕೆಂಪು ಅಂಕಿ ಏರಿ ನಲವತ್ತೊಂಬತ್ತರಲ್ಲಿ ನಿಂತಿತು.

"ಇದು ನಾನು" ಎಂದಳು. ಆಮೇಲೆ, "ನೀನೆಲ್ಲಿ?"

ಅವನು ಹೇಳಿದ. ನಿನ್ನೆ ಸೊನ್ನೆ ಕೂರಿಸುವಾಗ ತಾನು ಒಳಗೇ ನಿಂತಿದ್ದೆನೆಂದೂ, ಪೆಟ್ಟಿಗೆ ತನ್ನನ್ನು ಕ್ಯಾಬಿನ್ನಿನ ಭಾಗವೆಂದು ತಿಳಿದಿದೆಯೆಂದೂ, ಪಾಠ ಒಪ್ಪಿಸುವವನ ಹಾಗೆ ಹೇಳಿದ. ಅವಳು ಅಂಕಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ಅಂದ್ರೆ ಇದರ ಪ್ರಕಾರ ಇಲ್ಲಿರೋದು ನಾನೊಬ್ಳೇ."

"ಹ್ಞೂಂ."

"ನಿಂಗೆ ಹೇಗೆ ಗೊತ್ತಾಗ್ಲಿಲ್ಲ? ಫಿಟ್ಟರ್ ಅಂಕಲ್ ಕೇಳಲ್ವಾ ಒಳಗೆ ಯಾರಿದಾರೆ ಅಂತ?"

"ಕೇಳ್ದ. ನಾನು ಬೇರೆ ಏನೋ ಕೇಳಿಸ್ಕೊಳ್ತಿದ್ದೆ."

ಅವಳು ಮೆಟ್ಟಿಲಿನ ತಿರುವಿನ ಕಡೆ ನೋಡಿದಳು. ಅಲ್ಲಿಂದ ಇಲ್ಲಿಗೆ ಎಷ್ಟು ದೂರವೆಂದು ಅಳೆಯುತ್ತಿದ್ದಳೋ ಏನೋ, ಕಿವಿ ಕೆಂಪಾಯಿತು. ಮನೆಯೊಳಗಿನಿಂದ ಹೆಂಡತಿ, "ಬಿಳೀದೇ ಇಟ್ಟೆ ಕಣ್ರೀ" ಎಂದು ಕೂಗಿದಳು.

"ಅವತ್ತು ನಾನೂ ಇಳೀಬೇಕಿತ್ತು" ಎಂದಳು ಮಗಳು, ಅಂಕಿಗೆ ಹೇಳುವವಳ ಹಾಗೆ. "ನೀನು ಇಳಿದೆ, ಬಾಗಿಲು ಮುಚ್ಕೊಳ್ತು. ಎರಡನೇ ಮಹಡೀಲಿ ಇಳಿದು ವಾಪಸ್ ಬರೋಣ ಅಂದ್ಕೊಂಡೆ. ಬರ್ಲಿಲ್ಲ. ಮೇಲೆ ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ, ನೀನು ಹತ್ತೋದು. ನೀನು ಪ್ರತಿ ಮಹಡೀಲೂ ನಿಂತ್ಕೋತಿದ್ದೆ. ಕೊನೇಲಿ ನಂಗೆ ಭಯ ಆಗಿ ರೂಮಿಗೆ ಹೋದೆ."

ಅವಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದದ್ದು ತನ್ನಿಂದ ತಪ್ಪಿಸಿಕೊಳ್ಳಲು ಎಂದು ಆರು ತಿಂಗಳು ಅವನು ನಂಬಿದ್ದ. ನಿನ್ನ ಕಾರಣಕ್ಕಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಬದಲಿಗೆ, "ನಂಗೂ ಭಯ ಆಗ್ತಿದೆ" ಎಂದ.

"ಯಾವಾಗಿಂದ?"

"ಡಾಕ್ಟರ್ ನಕ್ಕಾಗಿಂದ."

ಅವಳಿಗೆ ನಗು ಬಂತು, ಅದನ್ನು ನುಂಗಿಕೊಂಡಳು. "ಹೋಗ್ಲೇಬೇಕಾ?"

"ಬೇಕು ಅಂತೇನಿಲ್ಲ." ಇಷ್ಟು ದಿನ ಯಾರ ಎದುರೂ ಹೇಳದ ಮಾತು ಅದು. "ಆದ್ರೆ ಇನ್ನೊಂದು ಸಲ ಸೂರಿನ ಕಿಂಡಿಯಿಂದ ಮೇಲೆ ಹತ್ಬೇಕು ಅಂತ ಆಸೆ. ಬೇರೆಯವರಿಗೆ ಹೇಳ್ಬೇಡ, ನಗ್ತಾರೆ."

ಅವಳು ತಲೆಯೆತ್ತಿ ಕಿಂಡಿಯನ್ನು ನೋಡಿದಳು, ಆಮೇಲೆ ಅವನನ್ನು, ಬಟ್ಟೆ ಅಳತೆ ತೆಗೆಯುವವರ ಹಾಗೆ, ಯಾವ ಸಂಕೋಚವೂ ಇಲ್ಲದೆ, ಮೇಲಿನಿಂದ ಕೆಳಗಿನವರೆಗೆ. "ಒಂದು ವರ್ಷ ಆಗತ್ತೆ" ಎಂದಳು.

"ಆಗ್ಲಿ."

ಸೊನ್ನೆ ಮತ್ತೆ ಕೂರಿಸಬೇಕಿತ್ತು. ಗುಂಡಿ ಮಷೀನ್ ರೂಮಿನಲ್ಲಿ. ಅಲ್ಲಿಗೆ ಹೋಗುವುದು ಕಬ್ಬಿಣದ ಕಡಿದಾದ ಏಣಿಮೆಟ್ಟಿಲು. ಅವನು ಹೇಳುವ ಮೊದಲೇ ಅವಳು ಕೈ ಚಾಚಿದಳು. ಅವನು ಕೀಲಿ ಕೊಟ್ಟ. ಒಳಗೆ ಕತ್ತಲು, ಬಲ್ಬು ಹೋಗಿದೆ ಎಂಬುದು ನೆನಪಾಗಿ, ಜೇಬಿನಿಂದ ಫೋನು ತೆಗೆದು, ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ನೋಡಿ, ಅದನ್ನೂ ಅವಳ ಕೈಗಿಟ್ಟ. "ಟಾರ್ಚ್ ಹಾಕ್ಕೋ. ಹಸಿರು ಗುಂಡಿ. ಒತ್ತಿ ಹಿಡ್ಕೋ, ದೀಪ ಮೂರು ಸಲ ಮಿನುಗೋ ತನಕ ಬಿಡಬೇಡ. ಬೇರೆ ಯಾವುದನ್ನೂ ಮುಟ್ಟಬೇಡ."

"ಗೊತ್ತು ಬಿಡು. ನಾನು ಒಂದ್ಕಲ್ಲು ಅಲ್ವಾ."

"ಎರಡೂವರೆ ಆಗಿದೀಯ ಈಗ."

ಅವಳ ಹೆಜ್ಜೆ ಕಬ್ಬಿಣದ ಮೇಲೆ ಟಣಟಣ ಎಂದು ಏರಿತು. ಅವನು ಲಿಫ್ಟಿನಿಂದ ಹೊರಗೆ ಬಂದು, ಬಾಗಿಲಿಗೆ ಮುಖ ಮಾಡಿ ನಿಂತ. ಖಾಲಿ ಕ್ಯಾಬಿನ್ನು, ಗೋಡೆಯ ಮಸುಕು ಉಕ್ಕಿನಲ್ಲಿ ಯಾರೂ ಇಲ್ಲ, ಕಿಂಡಿಯಲ್ಲಿ ಮೈನಸ್ ನೂರ ಮೂವತ್ತೆರಡು. ಮಷೀನ್ ರೂಮಿನ ಬಾಗಿಲು ಕಿರ್ರೆಂದಿತು. ಆಮೇಲೆ ಮೇಲಿನಿಂದ, ಸಿಮೆಂಟಿನ ಆಚೆಯಿಂದ, ಅವಳ ದನಿ ಬಂತು.

"ಅಪ್ಪಾ, ಒಳಗೆ ಯಾರೂ ಇಲ್ಲ ತಾನೆ?"

"ಯಾರೂ ಇಲ್ಲ. ನಾನು ಹೊರಗಿದೀನಿ."

"ಇದೀಯಾ?"

"ಇದೀನಿ."

ಅಂಕಿ ಆರಿ, ಮತ್ತೆ ಹೊತ್ತಿ, ಸೊನ್ನೆಯಾಯಿತು. ಅವಳು ಕೈಗೆ ಮೆತ್ತಿದ ಗ್ರೀಸನ್ನು ಗೋಡೆಗೆ ಒರೆಸುತ್ತ ಇಳಿದು ಬಂದಳು, ಫೋನನ್ನು ತನ್ನ ಜೇಬಿಗೇ ಹಾಕಿಕೊಂಡಿದ್ದಳು. ಅವನು ಅದನ್ನು ಕೇಳಲಿಲ್ಲ.

"ನೀನು ಸಣ್ಣ ಆದ್ಮೇಲೆ ಇದನ್ನ ಮತ್ತೆ ಮಾಡ್ಬೇಕಾ?"

"ಬೇಡ. ಸೊನ್ನೆ ಖಾಲಿ ಲಿಫ್ಟಿಂದು. ಯಾರು ಎಷ್ಟಾದ್ರೂ ಅದು ಅಷ್ಟೇ."

"ಸರಿ ಇದೆಯಾ ನೋಡೋಣ" ಎಂದಳು ಅವಳು, ಅವನ ಮೊಣಕೈ ಹಿಡಿದು. ಇಬ್ಬರೂ ಒಟ್ಟಿಗೇ ಒಳಗೆ ಕಾಲಿಟ್ಟರು. ಕ್ಯಾಬಿನ್ನು ಒಂದು ಕೂದಲೆಳೆಯಷ್ಟು ತಗ್ಗಿತು. ಬಜರ್ ಬಡಿಯಲಿಲ್ಲ. ಕೆಂಪು ಅಂಕಿ ಏರಿತು, ತುಸು ಅತ್ತಿತ್ತ ಆಡಿತು, ನಿಂತಿತು. ಅದರಲ್ಲಿ ಯಾರದು ಎಷ್ಟು ಎಂದು ಬರೆದಿರಲಿಲ್ಲ. ನೂರ ಎಂಬತ್ತೊಂದು ಕಿಲೊ.